ಸದ್ದಿಲ್ಲದ ಬಾವಿ

ಒಮಾನಿನ ಇಬ್ರಿ ಪೇಟೆಯಿಂದ ಅರ್ಧ ಗಂಟೆ ದೂರದ ಆ ಖರ್ಜೂರದ ಹಳ್ಳಿಗೆ ಲೋಲಾಕ್ಷಿ ಬಂದು ಹನ್ನೊಂದು ವರ್ಷ. ಗಂಡ ದೇಜಪ್ಪ ಇಬ್ರಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವ. ಪೇಟೆಯ ಫ್ಲ್ಯಾಟ್ ಬೇಡ, ಹಳ್ಳಿಯ ಮನೆಯೇ ಬೇಕೆಂದು ಹಟ ಹಿಡಿದವಳು ಇವಳೇ. ಅಂಗಳದಲ್ಲಿ ಬಸಳೆ ಚಪ್ಪರ, ಊರಿನಿಂದ ತಂದು ಬದುಕಿಸಿದ ಕೆಂಪು ಹೂವಿನ ಕೇಪುಳದ ಗಿಡ, ಗೋಡೆಯಾಚೆ ಫಲಜ್‌ನ ತಣ್ಣನೆಯ ನೀರು. ಫಲಜ್ ಎಂದರೆ ಗುಡ್ಡದಿಂದ ನೆಲದೊಳಗೇ ಹರಿದು ಬಂದು ಹಳ್ಳಿಯ ತಲೆಯಲ್ಲಿ ಹೊರಬೀಳುವ ಕಾಲುವೆ. ಮನುಷ್ಯರಿಗೆ ಇನ್ನೇನು ಬೇಕು?

ಬೇಕಿತ್ತು ಕೆಲವರಿಗೆ. ಗುಡ್ಡದ ತಪ್ಪಲಿನಲ್ಲಿ ಅರವತ್ತು ವಿಲ್ಲಾ ಕಟ್ಟುತ್ತೇವೆಂದು ಕಂಪೆನಿಯೊಂದು ಬಂತು. ಅಲ್ಲಿಯ ಹಳೇ ಬಾವಿ ಮುಚ್ಚಿದರೆ ಫಲಜ್ ಸಾಯುತ್ತದೆ, ಫಲಜ್ ಸತ್ತರೆ ತೋಟ ಸಾಯುತ್ತದೆ ಎಂದು ಹಳ್ಳಿಗೆ ಹಳ್ಳಿಯೇ ಎದ್ದಿತು. ಸಹಿ ಹಾಕಿದರು, ಅರ್ಜಿ ಕೊಟ್ಟರು, ಕಚೇರಿಗೆ ಅಲೆದರು. ಅಧಿಕಾರಿಗಳದು ಒಂದೇ ಮಾತು: ನಕ್ಷೆಯಲ್ಲಿ ಅದು ಪಾಳು ಬಾವಿ, ಅದರ ನೀರೇ ನಿಮಗೆ ಬರುವುದೆಂದು ಗುರುವಾರದೊಳಗೆ ತೋರಿಸಿ. ಇಳಿದು ನೋಡೋಣವೆಂದರೆ ಬಾವಿಯ ಬಾಯಿ ಕುಸಿದು ಮೊಳದಗಲ ಉಳಿದಿತ್ತು.

ಆ ನಕ್ಷೆ ಬರೆದ ಮಹಾಶಯ ದೇಜಪ್ಪನೇ. ಜೂನಿನ ಬಿಸಿಲಿಗೆ ಗುಡ್ಡ ಹತ್ತಲು ಮೈಗಳ್ಳತನವಾಗಿ, ಊಟಕ್ಕೆ ಕೂತಲ್ಲೇ ಹೆಂಡತಿಯನ್ನು ಕೇಳಿದ್ದ.

“ನೀನು ಶುಕ್ರವಾರ ಬೆಳಿಗ್ಗೆ ಹೋಗ್ತಿಯಲ್ಲ, ಆ ಬಾವಿಯಲ್ಲಿ ನೀರುಂಟಾ?”

“ಎಂತ ನೀರು? ಹಾಕಿದ್ರೆ ಸದ್ದೇ ಬರುದಿಲ್ಲ.”

ಅವಳು ಹಾಕುತ್ತಿದ್ದುದು ದೇವರ ಫೋಟೋದಿಂದ ತೆಗೆದ ಬಾಡಿದ ಹೂವನ್ನು. ಅದನ್ನು ಕಸದ ಡಬ್ಬಕ್ಕೆ ಎಸೆಯಲು ಮನಸ್ಸು ಬಾರದು, ಊರು ಕುಡಿಯುವ ನೀರಿಗೆ ಬಿಡುವಂತಿಲ್ಲ. ಪಾಳು ಬಾವಿಯೇ ವಾಸಿ ಎಂದುಕೊಂಡಿದ್ದಳು. ಹೂ ಬಿದ್ದರೆ ಸದ್ದು ಬರುತ್ತದೆಯೇ ಎಂದು ಗಂಡ ಕೇಳಲಿಲ್ಲ, ಹೆಂಡತಿಗೆ ಹೊಳೆಯಲಿಲ್ಲ. ಸರಿಯಾದ ಜೋಡಿ.

ಗಡುವಿಗೆ ಮುಂಚಿನ ಕೊನೆಯ ಶುಕ್ರವಾರ ಫಲಜ್‌ನ ಬಾಯಿಯ ಬಳಿ ಸಭೆ ಸೇರಿತ್ತು. ಹೆಂಗಸರಿಗೆ ಚಹಾ ಕೊಡುತ್ತಿದ್ದ ಲೋಲಾಕ್ಷಿ ನೀರಿನತ್ತ ನೋಡಿ ಕಲ್ಲಾದಳು. ನೆಲದೊಳಗಿನಿಂದ ಕೆಂಪು ಕೇಪುಳ ತೇಲಿ ಬರುತ್ತಿತ್ತು. ಬೆಳಿಗ್ಗೆ ಬಾವಿಗೆ ಹಾಕಿದ್ದೇ. ಅವಳೇ ಕಟ್ಟಿದ ದಾರವೂ ಇತ್ತು.

ಸಂಜೆ ದೇಜಪ್ಪನಿಗೆ ಹೇಳಿದಾಗ ಅವನ ಮುಖ ಬಿಳುಚಿತು. “ನಕ್ಷೆ ತಪ್ಪು ಅಂತ ಗೊತ್ತಾದ್ರೆ ವೀಸಾ ಕೊಟ್ಟ ಕಫೀಲ್ ನನ್ನನ್ನು ಕೆಲಸದಲ್ಲಿ ಇಟ್ಕೊಳ್ತಾನಾ?”

“ಜನ ಕುಡಿಯುವ ನೀರಿಗೆ ಹನ್ನೊಂದು ವರ್ಷ ಹೂ ಹಾಕಿದವಳು ನಾನು. ನನಗೆ ನಾಚಿಕೆ ಇಲ್ವಾ?” ಎಂದಳು. ಅವಳಿಗೆ ನಿಜಕ್ಕೂ ಭಯವಾಗಿತ್ತು. ಹೇಳಿದರೆ ಈ ಊರು ತಮ್ಮನ್ನು ಹೊರಹಾಕೀತು. ಹೇಳದಿದ್ದರೆ ಊರೇ ಉಳಿಯದು.

ದೇಜಪ್ಪ ಎದ್ದು ಚಪ್ಪಲಿ ಮೆಟ್ಟಿದ. “ನಡಿ, ಹೇಳುವ.”

ಅವರ ಬಾಡಿಗೆ ಮನೆಯ ಒಡತಿ ಆಮಿನಾ ಹಿಂದಿ ಬಲ್ಲ ಮುದುಕಿ. ಲೋಲಾಕ್ಷಿ ತೊದಲುತ್ತ ಹೇಳಿದ್ದನ್ನು ಕೇಳಿ, “ಎಲ್ಲಿ ಹಾಕಿದ್ದು ಅಂದಿ?” ಎಂದು ಎರಡು ಸಲ ಕೇಳಿದಳು. ಆಮೇಲೆ ತಮ್ಮಂದಿರನ್ನೆಲ್ಲ ಕೂಗಿ ಕರೆದಳು.

ಗುರುವಾರ ಅಧಿಕಾರಿಗಳ ಎದುರಿಗೇ ಲೋಲಾಕ್ಷಿ ಬುಟ್ಟಿ ತುಂಬ ಕೇಪುಳವನ್ನು ಬಾವಿಗೆ ಸುರಿದಳು. ಎರಡು ಗಂಟೆ ಎಲ್ಲರೂ ಕೆಳಗೆ ನೀರನ್ನೇ ನೋಡುತ್ತ ಕೂತರು. ಮೊದಲ ಹೂ ಕಂಡಾಗ ಹಿರಿಯ ಅಧಿಕಾರಿ ಅದನ್ನೆತ್ತಿ, “ಖಲಾಸ್, ಇನ್ನು ಮಾತಿಲ್ಲ” ಎಂದ. ವಿಲ್ಲಾಗಳು ಹೆದ್ದಾರಿಯ ಆಚೆಗೆ ಹೋದವು. ದೇಜಪ್ಪ ಆಫೀಸಿನಲ್ಲಿ ಒಂದು ಗಂಟೆ ಬೈಸಿಕೊಂಡು, ಹೊಸ ನಕ್ಷೆ ಬರೆದು, ಕೆಲಸ ಉಳಿಸಿಕೊಂಡು ಬಂದ.

ಬಾವಿ ಉಳಿದದ್ದಕ್ಕೆ ಊರೆಲ್ಲ ಒಟ್ಟಿಗೆ ಉಂಡ ಮೇಲೆ ಲೋಲಾಕ್ಷಿ ಆಮಿನಾಳ ಕೈ ಹಿಡಿದಳು. “ಗೊತ್ತಿಲ್ಲದೆ ನಿಮ್ಮ ನೀರಿಗೆ ಹಾಕಿದೆ. ಮಾಫ್ ಮಾಡಿ.”

ಆಮಿನಾ ನಕ್ಕಳು. “ಹೂ ನಿನ್ನದು ಅಂತ ಮೊದಲ ವರ್ಷವೇ ಗೊತ್ತಿತ್ತು, ಬೇಟಿ. ಇಲ್ಲೇ ಎಲ್ಲೋ ಕದ್ದು ಬಿಡ್ತಿ ಅಂದುಕೊಂಡಿದ್ದೆ. ನಿನ್ನ ದೇವರದ್ದು ಅಲ್ವಾ, ಹೇಗೆ ಬೇಡ ಅನ್ನೋದು? ಶುಕ್ರವಾರ ಹೂ ದಾಟಿ ಹೋಗುವ ತನಕ ಯಾರೂ ನೀರು ತುಂಬಬೇಡಿ ಅಂತ ಊರಿಗೆಲ್ಲ ಹೇಳಿದ್ದೆ.”

ಹನ್ನೊಂದು ವರ್ಷ ಇಡೀ ಊರು ಕೊಡ ಹಿಡಿದು ಕಾದಿತ್ತು. ಒಬ್ಬರಾದರೂ ಅವಳಿಗೆ ಹೇಳಿರಲಿಲ್ಲ. ಲೋಲಾಕ್ಷಿ ಅಲ್ಲೇ ಕೂತು, ಎಲ್ಲರೆದುರು, ಸಂತೋಷಕ್ಕೆ ಅತ್ತುಬಿಟ್ಟಳು.