ನೀಲವ್ವನ ಬೆನ್ನು ಕಂಡ ಹಲಗೆ

ನಾನು ಬಾಸ್ಕೆಟ್‌ಬಾಲ್ ಅಂಕಣದ ಮರದ ಹಲಗೆ. ಬಡಿಗೇರ ಮೌನೇಶಪ್ಪ ಸಾಗವಾನಿಯ ಪಟ್ಟಿಗಳನ್ನು ಜೋಡಿಸಿ, ಬಿಳಿ ಬಣ್ಣ ಬಳಿದು, ಎದೆಗೊಂದು ಕಬ್ಬಿಣದ ರಿಂಗ್ ಕೂಡಿಸಿ, ಹುಬ್ಬಳ್ಳಿಯ ರೈಲ್ವೆ ಬಡಾವಣೆಯ ಮೈದಾನದಲ್ಲಿ ನನ್ನನ್ನು ನಿಲ್ಲಿಸಿದ. ಹುಟ್ಟಿದ್ದೇ ಪೆಟ್ಟು ತಿನ್ನಲಿಕ್ಕೆ. ಅದಕ್ಕೆ ನನ್ನ ತಕರಾರಿಲ್ಲ. ಗುರಿಯಿಲ್ಲದವರ ಪೆಟ್ಟು ಮಾತ್ರ ಬಲು ಬೇಸರ.

ನೀಲವ್ವ ಹಾದಿಮನಿ ಬಂದ ಮೇಲೆ ನನ್ನ ಬದುಕಿಗೆ ಕಳೆ ಬಂತು. ಟಿಕೆಟ್ ಕೌಂಟರಿನ ಕೆಲಸ ಮುಗಿಸಿ ಬಂದು, ನನಗೆ ಬೆನ್ನು ಮಾಡಿ, ರಿಂಗಿನ ಬುಡದಲ್ಲೇ ಕಾಲೂರಿ ನಿಲ್ಲುತ್ತಿದ್ದಳು. ಚೆಂಡು ಕೈಗೆ ಬರುವಷ್ಟರಲ್ಲಿ ಎದುರಾಳಿಗಳಿಬ್ಬರು ಮೊಣಕೈ ತಿವಿಯುತ್ತ ಅವಳ ಬೆನ್ನಿಗೆ ಬಿದ್ದಿರುತ್ತಿದ್ದರು. ಜಪ್ಪಯ್ಯ ಎಂದರೂ ಅವಳು ಅಲುಗುತ್ತಿರಲಿಲ್ಲ. ಯಾರ ಭಾರ ಯಾವ ಕಡೆ ವಾಲಿದೆ ಎಂದು ಬೆನ್ನಿನಿಂದಲೇ ತಿಳಿದು, ಇನ್ನೊಂದು ಕಡೆ ತಿರುಗಿ, ಚೆಂಡನ್ನು ನನಗೆ ಮೆತ್ತಗೆ ತಾಗಿಸಿ ರಿಂಗಿಗೆ ಇಳಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಆಡಿದಳು, ಆರು ಸಲ ರಾಜ್ಯಪ್ರಶಸ್ತಿ ತಂದಳು. ಒಂದು ಫೈನಲ್‌ನಲ್ಲಿ ಎದುರು ತಂಡದ ಕೋಚ್ ತಲೆಯ ಮೇಲೆ ಕೈ ಹೊತ್ತು, “ಇಕಿನ ಸರಸಾಕ ಎಂಜಿನ್ನ ತರಬೇಕ್ರೀ!” ಎಂದದ್ದು ಊರಲ್ಲೆಲ್ಲ ಮಾತಾಯಿತು.

ಆಮೇಲೆ ಗಾಜಿನ ಹಲಗೆ ಬಂತು. ನನ್ನನ್ನು ರಿಂಗಿನ ಸಮೇತ ಸೈಕಲ್ ಸ್ಟ್ಯಾಂಡಿನ ಗೋಡೆಗೆ ಜಡಿದರು. ಮಂಡಿ ಸವೆದ ನೀಲವ್ವ ಕೋಚ್ ಆದಳು. ಹುಡುಗಿಯರಿಗೆಲ್ಲ ದೂರದಿಂದ ಎಸೆದು ಮೂರು ಅಂಕ ಗಿಟ್ಟಿಸುವ ಚಪಲ. ರಿಂಗಿನ ಬುಡದಲ್ಲಿ ಗುದ್ದು ತಿನ್ನಲು ಒಬ್ಬಳೂ ಒಲ್ಲಳು.

“ನನ್ನ ಆಟ ನನ್ನ ಕೂಡನ ಹೋಗ್ತದ ನೋಡ್ರಿ,” ಎಂದು ಅವಳು ಸ್ಟ್ಯಾಂಡಿನವನಿಗೆ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

ಕಡೆಗೆ ಸಿಕ್ಕವಳು ಮೆಹರಾಜ್. ಎತ್ತರಕ್ಕೇನೂ ಕಡಿಮೆಯಿಲ್ಲ, ಆದರೆ ಮಹಾ ಅಂಜುಬುರುಕಿ. ಯಾರಾದರೂ ತಾಗಿದರೆ ಸಾಕು, ಚೆಂಡು ಬಿಟ್ಟು ಸರಿಯುತ್ತಿದ್ದಳು. ನೀಲವ್ವ ಅವಳನ್ನು ಸೈಕಲ್ ಸ್ಟ್ಯಾಂಡಿಗೆ ಕರೆತಂದು ನನ್ನ ಮುಂದೆ ನಿಲ್ಲಿಸಿ, ತಾನೇ ಅವಳ ಬೆನ್ನಿಗೆ ಆತು ನಿಂತಳು.

“ಬೆನ್ನಿಲೆ ದೂಡ ನನ್ನ.”

“ನಿಮ್ಮ ಮಂಡಿ ನೋವೈತಲ್ರೀ ಮೇಡಂ.”

“ಮಂಡಿ ನಂದು. ನೀ ದೂಡ.”

ತಿಂಗಳುಗಟ್ಟಲೆ ಮೆಹರಾಜ್ ತಾಗುವುದು, ಸರಿಯುವುದು ಇಷ್ಟೇ ಆಯಿತು. ಒಂದು ಸಂಜೆ ಮಾತ್ರ ಕಾಲೂರಿ, ಹಲ್ಲು ಕಚ್ಚಿ ಒತ್ತಿದಳು. ನೀಲವ್ವನ ಭಾರ ಎಡಕ್ಕೆ ವಾಲಿದ್ದೇ ತಡ, ಬಲಕ್ಕೆ ತಿರುಗಿದಳು. ಚೆಂಡು ನನಗೆ ಮೆತ್ತಗೆ ತಾಗಿ ರಿಂಗಿನೊಳಗೆ ಇಳಿಯಿತು. ನೀಲವ್ವ ಧೊಪ್ಪೆಂದು ನೆಲಕ್ಕೆ ಬಿದ್ದಳು.

ಹುಡುಗಿ ಅಳುತ್ತ ಎಬ್ಬಿಸಲು ಬಾಗಿದಳು. ನೀಲವ್ವ ಅಂಗಾತ ಮಲಗಿ ಹೊಟ್ಟೆತುಂಬ ನಗುತ್ತಿದ್ದಳು.

“ಇಷ್ಟ ವರ್ಷದಾಗ ಯಾರಿಗೂ ನನ್ನ ಕೆಡವಾಕ ಆಗಿದ್ದಿಲ್ಲ. ಅಳಬ್ಯಾಡ ಹುಚ್ಚಿ, ಇನ್ನೊಮ್ಮೆ ಕೆಡವು!”

ಈಗ ನನ್ನ ಪಟ್ಟಿಗಳು ಸಡಿಲಾಗಿವೆ, ಹೆಚ್ಚು ದಿನ ಬಾಳಲಾರೆ. ಚಿಂತೆಯಿಲ್ಲ. ಅವರಿಬ್ಬರೂ ದಿನಾ ಬರುತ್ತಾರೆ. ಬೀಳಲಿಕ್ಕೆಂದು ನೀಲವ್ವ ಮನೆಯಿಂದ ಹಳೆಯದೊಂದು ಗಾದಿ ಹೊತ್ತು ತರುತ್ತಾಳೆ.