ಅಣ್ಣು ನಿಂತ ಜಾಗ

“ಅವರು ವಿಮಾನಕ್ಕೆ ಅಡ್ಡ ಓಡಿದ್ದಂತೆ, ಹೌದಾ ಧಣಿ?”

ಕಾಂತಿ ಹಾಗೆ ಕೇಳಿದಾಗ ಶ್ರೀಪಾಲ ಇನ್ನೂ ಅಂಗಳದಲ್ಲಿ ನಿಂತೇ ಇದ್ದ. ಅವಳ ಗಂಡ ಅಣ್ಣು ಸತ್ತು ಹದಿನೆಂಟು ದಿನವಾಗಿತ್ತು. ಸತ್ತದ್ದು ಶ್ರೀಪಾಲ ಇಳಿಸುತ್ತಿದ್ದ ವಿಮಾನದ ರೆಕ್ಕೆ ಬಡಿದು.

ಮೂಡುಬಿದಿರೆಯ ಶ್ರೀಪಾಲ ಮದ್ರಾಸಿನಲ್ಲಿ ಹಾರಾಟ ಕಲಿತು ಬಂದು, ಕೊಕ್ಕಡದ ರಬ್ಬರ್ ತೋಟದ ಯಜಮಾನರ ಸಣ್ಣ ವಿಮಾನಕ್ಕೆ ಪೈಲಟ್ ಆಗಿದ್ದ. ತೋಟದ ಮೇಲಿನ ಬೋಳು ಪದವಿನಲ್ಲಿ, ಗುಡ್ಡದ ನೆತ್ತಿಯ ಸಪಾಟು ನೆಲದಲ್ಲಿ, ಕಲ್ಲು ತೆಗೆಸಿ ಇಳಿಯುವ ಜಾಗ ಮಾಡಿದ್ದರು. ಸದ್ದು ಕೇಳಿದ ಕೂಡಲೇ ಅಲ್ಲಿ ಮೇಯುವ ದನಗಳನ್ನು ಓಡಿಸುವುದು ಅಣ್ಣುವಿನ ಕೆಲಸ.

ಆ ದಿನದಿಂದ ಶ್ರೀಪಾಲನಿಗೆ ಊಟದಲ್ಲಿ ಉಪ್ಪು ಉಂಟೋ ಇಲ್ಲವೋ ತಿಳಿಯುತ್ತಿರಲಿಲ್ಲ. ತಾಯಿ ನೆನಪಿಸಿದರೆ ಸ್ನಾನ ಮಾಡುತ್ತಿದ್ದ. ಆ ಬೆಳಿಗ್ಗೆ ಬೆಳ್ತಂಗಡಿಯಲ್ಲಿ ವಿಚಾರಣೆಯ ಅಧಿಕಾರಿಯ ಮುಂದೆ, ಯಜಮಾನರು ಹೇಳಿಕೊಟ್ಟಂತೆಯೇ, ಅಣ್ಣು ಅಡ್ಡ ಬಂದನೆಂದು ಹೇಳಿ ಸಹಿ ಹಾಕಿದ್ದ. ಆಗಲೂ ಏನೂ ಅನಿಸಿರಲಿಲ್ಲ. ಹೊರಟವನು ಗುರುವಾಯನಕೆರೆಯಲ್ಲಿ ಇಳಿದು, ಮೂಡುಬಿದಿರೆಯ ಬಸ್ಸು ಬಿಟ್ಟು, ಕೊಕ್ಕಡದ ಕಡೆಗೆ ಹೋಗುವ ಬಸ್ಸು ಹತ್ತಿ ಅಣ್ಣುವಿನ ಮನೆಗೆ ಬಂದಿದ್ದ.

“ಇಲ್ಲ ಕಾಂತಕ್ಕ,” ಎಂದ. “ಅಣ್ಣು ನಿಲ್ಲಬೇಕಾದಲ್ಲೇ ನಿಂತಿದ್ದ.”

ಅವನು ಯಾವುದೋ ಯಂತ್ರದ ವಿಷಯ ವಿವರಿಸುವವನಂತೆ ಹೇಳುತ್ತಾ ಹೋದ. ಮುಂದಿನ ಚಕ್ರಗಳು ನೆಲ ಮುಟ್ಟಿದ್ದವು, ಬಾಲದ ಪುಟ್ಟ ಚಕ್ರವೂ ಮುಟ್ಟಿತ್ತು. ಇನ್ನು ಮುಗಿಯಿತೆಂದು ಕಾಲು ಸಡಿಲ ಬಿಟ್ಟಿದ್ದ. ಅಂಥ ವಿಮಾನದಲ್ಲಿ ಪೂರ್ತಿ ನಿಲ್ಲುವವರೆಗೂ ದಿಕ್ಕು ಹಿಡಿಯುವ ಪೆಡಲುಗಳ ಮೇಲೆ ಕಾಲು ಎಚ್ಚರವಾಗಿರಬೇಕು. ಎಡಗಡೆಯಿಂದ ಗಾಳಿ ಬಂತು, ದೊಡ್ಡ ಗಾಳಿಯೇನಲ್ಲ. ಬಾಲ ಪಕ್ಕಕ್ಕೆ ಸರಿಯಿತು. ಮೂತಿ ಎಡಕ್ಕೆ, ಅಣ್ಣು ಇದ್ದ ಕಡೆಗೆ ತಿರುಗಿತು. ಬಲಗಾಲು ಒತ್ತುವಷ್ಟರಲ್ಲಿ ವಿಮಾನ ಗಿರ್ರನೆ ಸುತ್ತಿ, ರೆಕ್ಕೆ ಅವನಿಗೆ ಬಡಿದಿತ್ತು.

“ನನ್ನ ಕಾಲು ತಡವಾಯ್ತು. ಅಷ್ಟೇ.”

ಕಾಂತಿ ಕೇಳಿದಳು: “ಅವರು ಕುಡಿದಿದ್ರು ಅಂತಲೂ ಹೇಳ್ತಾರೆ ತೋಟದಲ್ಲಿ. ಈಗ ಹೇಳಿದ್ದನ್ನು ನೀವು ಬರೆದು ಕೊಡ್ತೀರಾ? ಮಗಳಿಗೆ ಓದ್ಲಿಕ್ಕೆ ಬರ್ತದೆ.”

ಬರೆದರೆ ಲೈಸೆನ್ಸು ಹೋಗುತ್ತದೆ, ಸುಳ್ಳು ಹೇಳಿಕೆಗೆ ಕೇಸೂ ಆದೀತು ಎಂದು ಶ್ರೀಪಾಲನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿಕೆ ಬರಲಿಲ್ಲ. ಮಗಳ ಕಾಪಿ ಪುಸ್ತಕದಿಂದ ಹರಿದುಕೊಟ್ಟ ಹಾಳೆಯಲ್ಲಿ ಎಲ್ಲವನ್ನೂ ಬರೆದ. ೧೯೬೩ನೇ ಇಸವಿಯ ತಾರೀಕು ಹಾಕಿದ. ಯಾವಾಗಲೂ ಇಂಗ್ಲಿಷಿನಲ್ಲಿ ಸಹಿ ಹಾಕುವವನು ಕನ್ನಡದಲ್ಲಿ ಪೂರ್ತಿ ಹೆಸರು ಬರೆದ. ಅವಳು ಅದನ್ನು ಮಡಚಿ ಒಳಗೆ ಇಟ್ಟು ಬಂದಳು.

ಅಷ್ಟರಲ್ಲಿ ಮನೆಯ ನೆರಳು ಅಂಗಳದಲ್ಲಿ ಚಾಪೆ ಹಾಸಿ ಒಣಹಾಕಿದ್ದ ಬೇಯಿಸಿದ ಭತ್ತದ ಮೇಲೆ ಬಿದ್ದಿತ್ತು. ಕಾಂತಿ ಚಾಪೆಯ ಎರಡು ಮೂಲೆ ಹಿಡಿದು ಅವನ ಕಡೆ ನೋಡಿದಳು. ಶ್ರೀಪಾಲ ಬಗ್ಗಿ ಉಳಿದೆರಡನ್ನು ಹಿಡಿದ. ಭತ್ತ ಚೆಲ್ಲದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಇಬ್ಬರೂ ಅದನ್ನು ಬಿಸಿಲಿಗೆ ಒಯ್ದರು.