ಚುಕ್ಕಿ ಬಿದ್ದ ಬೀದಿ

ಆರೋಗ್ಯ ಕಚೇರಿಯಲ್ಲಿ ನಕ್ಷೆ ಮಾಡುವ ಕೆಲಸ ತಂಗಿಯದು. ರೋಗಿಗಳ ವಿಳಾಸಗಳನ್ನು ಕಂಪ್ಯೂಟರಿಗೆ ತುಂಬಿದರೆ ಒಂದೊಂದಕ್ಕೂ ಒಂದು ಕೆಂಪು ಚುಕ್ಕಿ ಬೀಳುತ್ತದೆ. ಎಲ್ಲಿ ಚುಕ್ಕಿ ದಟ್ಟವೋ ಅಲ್ಲಿ ಹೊಸ ಡಯಾಲಿಸಿಸ್ ಕೇಂದ್ರ. ದೊಡ್ಡವರು ಬೆರಳು ತೋರಿಸಿದ ಕಡೆ ಕಟ್ಟಬೇಡಿ, ನಕ್ಷೆ ಹೇಳಿದ ಕಡೆ ಕಟ್ಟಿ ಎಂದು ಅವಳು ಮೇಲಧಿಕಾರಿಯ ಹತ್ತಿರ ಕಾದಾಡಿದ್ದಳು. ಸ್ವಾರ್ಥವೇ, ಮುಚ್ಚಿಡುವುದೇನು? ಗುಡ್ಡದಾಚೆಯ ಕಲ್ಲುಗಣಿ ಕೇರಿಯಲ್ಲಿ ಅವಳ ಅಕ್ಕನಿದ್ದಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಎರಡು ಬಸ್ಸು ಬದಲಿಸಿ ಪಟ್ಟಣದ ಆಸ್ಪತ್ರೆಗೆ ಬಂದು ಹೋಗುವ ಬಾಳು. ನಮ್ಮಲ್ಲೇ ಇದ್ದುಬಿಡು ಎಂದರೆ, ಗಣಿಯಲ್ಲಿ ಬೆನ್ನು ಮುರಿದುಕೊಂಡು ಮಲಗಿದ ಭಾವನನ್ನು ಯಾರು ನೋಡಬೇಕು? ಅಕ್ಕನಂಥ ಕಿಡ್ನಿ ರೋಗಿಗಳು ಆ ಕೇರಿಯ ಮನೆಮನೆಯಲ್ಲೂ ಇದ್ದರು.

ನಕ್ಷೆ ಬಂತು. ಗಣಿ ಕೇರಿ ತೊಳೆದ ತಟ್ಟೆಯ ಹಾಗೆ ಖಾಲಿ. ಕೆಂಪೆಲ್ಲ ಬಿದ್ದದ್ದು ಪಟ್ಟಣದಲ್ಲಿ, ಅದೂ ತಂಗಿಯ ಬೀದಿಯ ಮೇಲೆ.

ಯಾಕೆಂದು ಅವಳಿಗೆ ಆಗ ಹೊಳೆಯಿತು. ಆಸ್ಪತ್ರೆಯಲ್ಲಿ ಪಟ್ಟಣದವರಿಗೆ ಮೊದಲ ಸರದಿ. ಹಾಗಾಗಿ ಕೇರಿಯವರೆಲ್ಲ ನೆಂಟರ ವಿಳಾಸ ಕೊಡುತ್ತಿದ್ದರು. ಗಣಿ ಬಿಟ್ಟು ಬಂದ ನೆಂಟರೆಲ್ಲ ನೆಲೆಸಿದ್ದು ಇದೇ ಬೀದಿಯಲ್ಲಿ. "ನಮ್ಮನೇದೇ ಬರೆಸಕ್ಕ, ಯಾರು ಬಂದು ನೋಡ್ತಾರೆ" ಎಂದು ಅಕ್ಕನಿಗೆ ಹೇಳಿಕೊಟ್ಟವಳೂ ಇವಳೇ. ಊರಿನ ಚುಕ್ಕಿ ಎಣಿಸುವವಳಿಗೆ ಸ್ವಂತ ಮನೆಯ ಸುಳ್ಳು ನೆನಪಾಗಲಿಲ್ಲ ನೋಡಿ!

"ಸರ್, ಇವರೆಲ್ಲ ಗುಡ್ಡದಾಚೆಯವರು. ವಿಳಾಸ ಮಾತ್ರ ಇಲ್ಲೀದು," ಎಂದಳು.

ಮೇಲಧಿಕಾರಿ ಕನ್ನಡಕ ತೆಗೆದರು. "ಸುಳ್ಳು ವಿಳಾಸ ಅಂತೀರಾ? ಬರೆದು ಕೊಡಿ. ಅಷ್ಟೂ ಜನರ ಸರದಿ ಇವತ್ತೇ ರದ್ದು ಮಾಡಿಸ್ತೀನಿ. ಆಮೇಲೆ ಕೇಂದ್ರ ಬೇಕಾದ್ರೆ ಅಲ್ಲೇ ಕಟ್ಟೋಣ, ಎರಡು ವರ್ಷ ಆಗುತ್ತೆ."

ಎರಡು ವರ್ಷ! ಸರದಿ ತಪ್ಪಿದರೆ ಅಕ್ಕ ಎರಡು ವಾರ ಉಳಿಯುವುದೂ ಅನುಮಾನ. ಅತ್ತ ದರಿ, ಇತ್ತ ಪುಲಿ.

"ಬೇಡ ಸರ್. ನಾನೇ ತಪ್ಪು ತಿಳ್ಕೊಂಡಿದ್ದೆ."

"ನಕ್ಷೆ ಸುಳ್ಳು ಹೇಳಲ್ಲ ಅಂತ ನೀವೇ ತಾನೆ ಹೇಳ್ತಿದ್ದಿದ್ದು," ಎಂದು ಅವರು ನಗುತ್ತಾ ನಕ್ಷೆಗೆ ಸಹಿ ಹಾಕಿದರು. ಅವರ ನಗುವಿಗಿಷ್ಟು ಬೆಂಕಿ ಬೀಳ.

ಕೇಂದ್ರ ತಂಗಿಯ ಮನೆಯಿಂದ ನಾಲ್ಕು ಮನೆಯಾಚೆ ಎದ್ದಿತು. "ನಿನ್ನ ವಶೀಲಿ ಜೋರಾಗಿದೆ ಕಣಮ್ಮ" ಎಂದು ನೆರೆಯವರು ಛೇಡಿಸಿದರು. ಅಕ್ಕ ಈಗಲೂ ಎರಡು ಬಸ್ಸು ಹತ್ತಿಯೇ ಬರುತ್ತಾಳೆ. ಮೊನ್ನೆ ಸೂಜಿ ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡು ತಂಗಿಯ ಮನೆಯ ಮೆಟ್ಟಿಲ ಮೇಲೆ ಕೂತಳು.

"ಆ ನಿನ್ನ ನಕ್ಷೇಲಿ ನಾನೆಲ್ಲಿದೀನಿ, ತೋರಿಸೇ."

ತಂಗಿ ಮೊಬೈಲಿನಲ್ಲಿ ತನ್ನ ಮನೆಯ ಮೇಲಿನ ಕೆಂಪು ಚುಕ್ಕಿ ತೋರಿಸಿದಳು. "ಇಲ್ಲೇ ಇದೀಯಕ್ಕ. ನಮ್ಮನೇಲಿ."

ಅಕ್ಕ ಆ ಚುಕ್ಕಿಯ ಮೇಲೆ ಬೆರಳಿಟ್ಟಳು.

"ಹಾಗಾದ್ರೆ ಬಸ್ಸಲ್ಲಿ ವಾಂತಿ ಮಾಡ್ಕೊಂಡು ಹೋಗೋಳು ಯಾರೇ?" ಎಂದು ಕೇಳಿ, ಚೀಲ ಎತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.